ಓವನ್ ಗುಂಡಿಯ ಮೂರು ಗೆರೆ

ಜುಲೈ 10, ಗುರುವಾರ

ಇವತ್ತಿನಿಂದ ಬರೆದಿಡುತ್ತೇನೆ. ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು ನಾನು. ದಿನಾಂಕ, ಹೊತ್ತು, ಕಣ್ಣಾರೆ ಕಂಡದ್ದು, ಈ ಮೂರೂ ಕಾಗದದ ಮೇಲಿದ್ದರೆ ಮಾತ್ರ ದೂರು ನಿಲ್ಲುತ್ತದೆ. ಬರೀ ಅನುಮಾನ ಹೊತ್ತುಕೊಂಡು ಹೋದರೆ ನಗೆಪಾಟಲು.

ಕಂಡದ್ದು: ನಾಲ್ಕೂಕಾಲಿಗೆ ಮಾರುಕಟ್ಟೆಯಿಂದ ಬಂದಾಗ ಹಿತ್ತಲ ಬಾಗಿಲ ಚಿಲಕ ತೆಗೆದಿತ್ತು. ಹೋಗುವಾಗ ನಾನೇ ಹಾಕಿದ್ದೆ. ಕುಂಬಳದ ಮಡಿಯ ಪಕ್ಕ, ಒದ್ದೆ ಮಣ್ಣಿನಲ್ಲಿ, ಎರಡು ಬೂಟಿನ ಗುರುತು. ನನ್ನ ಚಪ್ಪಲಿ ಅದರೊಳಗಿಟ್ಟು ನೋಡಿದೆ. ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು. ಈ ಓಣಿಯಲ್ಲಿ ಅಷ್ಟು ದೊಡ್ಡ ಪಾದ ಒಬ್ಬನದೇ, ಪಕ್ಕದ ಮನೆಯ ಬೀಗದವನದು.

ಅವನು ಇಲ್ಲಿಗೆ ಬಂದು ಎರಡು ವರ್ಷ. ಬೀದಿ ಮೂಲೆಯಲ್ಲಿ ಬೀಗ ರಿಪೇರಿ ಅಂಗಡಿ. ಒಂಟಿ ಮನುಷ್ಯ. ಸೊಂಟದಲ್ಲಿ ಯಾವಾಗಲೂ ಕೀಲಿಗೊಂಚಲು. ಯಾವ ಬೀಗವನ್ನಾದರೂ ತೆಗೆಯಬಲ್ಲವನು ಗೋಡೆಯಾಚೆಗೇ ಇದ್ದರೆ ನಾವು ಬಾಗಿಲು ಹಾಕಿದರೇನು, ಬಿಟ್ಟರೇನು? ಬಂದ ವರ್ಷವೇ ಫಲಪುಷ್ಪ ಪ್ರದರ್ಶನದಲ್ಲಿ ಟೊಮೇಟೊಗೆ ಮೊದಲ ಬಹುಮಾನ ಹೊಡೆದ. ಕಳೆದ ವರ್ಷವೂ ಅವನೇ. ಎರಡು ಸಲವೂ ನಾನು ಎರಡನೆಯವಳು. ಅದಕ್ಕೂ ಮುಂಚೆ ಆರು ವರ್ಷ ಮೊದಲನೆಯದು ನನ್ನದೇ ಆಗಿತ್ತು.

ತಂಗಿಯನ್ನು ಕೇಳಿದೆ, "ಮಧ್ಯಾಹ್ನ ಯಾರಾದ್ರೂ ಬಂದಿದ್ರೇನೇ?"

"ಇಲ್ವಲ್ಲ ಅಕ್ಕ."

ತಕ್ಷಣ ಹೇಳಿದಳು. ಯೋಚನೆ ಮಾಡದೆ ಬರುವ ಉತ್ತರ ಮೊದಲೇ ಸಿದ್ಧ ಮಾಡಿಟ್ಟ ಉತ್ತರ. ಎಷ್ಟು ಬಸ್ಸಿನಲ್ಲಿ ನೋಡಿಲ್ಲ!

ಜುಲೈ 13, ಭಾನುವಾರ

ಪ್ರದರ್ಶನದ ಅರ್ಜಿ ಬಂತು. ಆಗಸ್ಟ್ ಹದಿನೇಳು, ಶಾಲೆಯ ಸಭಾಂಗಣ. ಈ ಸಲ ಹೊಸ ವಿಭಾಗ ಒಂದಿದೆ, 'ತೋಟದಿಂದ ಓವನ್ನಿಗೆ'. ಸ್ವಂತ ಬೆಳೆದ ತರಕಾರಿಯಿಂದ ಸ್ವಂತ ಕೈಯಲ್ಲಿ ಮಾಡಿದ ಕೇಕು ಅಥವಾ ಬ್ರೆಡ್ಡು. ಒಂದೇ ಮನೆಯ ಇಬ್ಬರು ಸೇರಬಹುದು. ನಮಗೆಂದೇ ಮಾಡಿದ ಹಾಗಿದೆ. ನನ್ನ ಸಿಹಿಗುಂಬಳ, ಅವಳ ಕೇಕು. ಬ್ರೆಡ್ಡಿನ ವಿಭಾಗದಲ್ಲಿ ನಾಲ್ಕು ವರ್ಷದಿಂದ ಅವಳನ್ನು ಮೀರಿಸಿದವರಿಲ್ಲ.

"ನೀನೇ ತುಂಬು, ಪುಟ್ಟಿ" ಅಂತ ಅರ್ಜಿ ಅವಳ ಕಡೆ ತಳ್ಳಿದೆ. ಐವತ್ತೆಂಟು ವಯಸ್ಸಾದರೂ ನನಗವಳು ಪುಟ್ಟಿಯೇ. ನಮ್ಮಿಬ್ಬರಲ್ಲಿ ಅಕ್ಷರ ದುಂಡಗಿರೋದು ಅವಳದು.

"ನೀನೇ ಬರಿ ಅಕ್ಕ. ನನ್ನ ಕೈಯೆಲ್ಲ ಹಿಟ್ಟು."

ಕೈಯಲ್ಲಿ ಹಿಟ್ಟಿರಲಿಲ್ಲ.

ಈಗೀಗ ಅವಳು ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ. ನನ್ನ ಕಿವಿಯ ಪಕ್ಕ, ಭುಜದಾಚೆ, ಎಲ್ಲೋ ನೋಡುತ್ತಾಳೆ. ಮುಚ್ಚಿಡುವುದಕ್ಕೆ ಏನಾದರೂ ಇದ್ದವರ ಕಣ್ಣು ಹಾಗೆ ಓಡಾಡುತ್ತದೆ. ಚಳಿಗಾಲದಲ್ಲಿ ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಹೊದಿಸಿದವಳು ಇನ್ನೂ ತೆಗೆದಿಲ್ಲ. ಮೂವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವಳಿಗೆ ಇದ್ದಕ್ಕಿದ್ದಂತೆ ಬೆನ್ನುನೋವಂತೆ. ಬೆನ್ನುನೋವಿನವಳು ಹತ್ತು ಕಿಲೋ ಹಿಟ್ಟಿನ ಡಬ್ಬ ಹೇಗೆ ಎತ್ತುತ್ತಾಳೆ?

ಜುಲೈ 19, ಶನಿವಾರ

ಪ್ರದರ್ಶನದ ಕಾರ್ಯದರ್ಶಿ ಡ್ರಾಯಿಂಗ್ ಮೇಷ್ಟ್ರು ಎದುರಿಗೆ ಸಿಕ್ಕರು. ತಂಗಿ ಕಂಬ ದಾಟಿದ ಹಾಗೆ ಅವರನ್ನು ದಾಟಿ ಹೋದಳು. ಮೇಷ್ಟ್ರು ಕೈ ಎತ್ತಿದವರು ಹಾಗೇ ತಲೆ ಕೆರೆದುಕೊಂಡರು. ನನಗೆ ನಾಚಿಕೆಯಾಯಿತು. "ಏನೇ ಇದು, ಅಷ್ಟೊಂದು ಕೊಬ್ಬಾ?" ಅಂದೆ.

"ಓ, ಮೇಷ್ಟ್ರಾ? ಏನೋ ಯೋಚನೇಲಿದ್ದೆ."

ಏನು ಯೋಚನೆ? ಬರೆದಿಟ್ಟಿದ್ದೇನೆ.

ಆಗಸ್ಟ್ 2, ಶನಿವಾರ

ಕಂಡದ್ದು: ಪ್ರದರ್ಶನಕ್ಕೆಂದು ಕೆಂಪು ದಾರ ಕಟ್ಟಿಟ್ಟಿದ್ದ ಒಂಬತ್ತು ಟೊಮೇಟೊಗಳಲ್ಲಿ ಈಗ ಎಂಟು. ಹೋದದ್ದು ಎಲ್ಲಕ್ಕಿಂತ ದುಂಡಗಿದ್ದದ್ದು. ದಾರ ಬುಡದಲ್ಲಿ ಬಿದ್ದಿದೆ. ಹಕ್ಕಿಯಾಗಿದ್ದರೆ ಕುಕ್ಕಿ ಅರ್ಧ ಬಿಡುತ್ತಿತ್ತು. ಇದು ತಿರುಚಿ ಕಿತ್ತದ್ದು, ಮನುಷ್ಯರ ಕೈ.

ಮಧ್ಯಾಹ್ನದ ಊಟಕ್ಕೆ ಟೊಮೇಟೊ ಸಾರು. ತಿನ್ನೋಕೆ ಮನಸ್ಸಾಗಲಿಲ್ಲ. ತಂಗಿಯೂ ಅರ್ಧಕ್ಕೆ ಎದ್ದಳು. ಅವಳಿಗೂ ಬೇಜಾರಾಗಿರಬೇಕು.

ಆಗಸ್ಟ್ 5, ಮಂಗಳವಾರ

ಗೋಡೆಯ ಮೇಲಿಂದ ಬೀಗದವನಿಗೆ ಕೇಳಿಯೇಬಿಟ್ಟೆ.

"ನಿಮ್ಮ ಟೊಮೇಟೊ ಹೇಗಿದೆ?"

"ಪರವಾಗಿಲ್ಲಮ್ಮ. ನಿಮ್ಮದು?"

"ನಮ್ಮದರಲ್ಲಿ ಒಂದಕ್ಕೆ ಕಾಲು ಬಂದು ಓಡಿಹೋಯ್ತು. ದೊಡ್ಡ ಕಾಲು."

ಅವನು ತನ್ನ ಬೂಟು ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದನ್ನು ಕಣ್ಣಾರೆ ಕಂಡೆ. ಏನೋ ಹೇಳೋಕೆ ಬಾಯಿ ತೆರೆದ. ನಮ್ಮ ಅಡುಗೆಮನೆ ಕಿಟಕಿ ಕಡೆ ನೋಡಿದ. ಬಾಯಿ ಮುಚ್ಚಿದ. ಕಿಟಕಿಯಲ್ಲಿ ತಂಗಿ ನಿಂತಿದ್ದಳು.

ಅಂದರೆ ಇಬ್ಬರ ನಡುವೆ ಏನೋ ಇದೆ.

ಆಗಸ್ಟ್ 8, ಶುಕ್ರವಾರ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ತಿಂಗಳಿಗೊಂದು ಶುಕ್ರವಾರ ತಂಗಿ "ಗೆಳತಿ ಮನೆಗೆ" ಹೋಗುತ್ತಾಳೆ. ಇವತ್ತು ಹತ್ತು ನಿಮಿಷ ಬಿಟ್ಟು ನಾನೂ ಹೊರಟೆ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಜಾಹೀರಾತು ಹಲಗೆ ಹಿಂದೆ ನಿಂತೆ. ಹತ್ತು ಇಪ್ಪತ್ತಕ್ಕೆ ಹನ್ನೆರಡನೇ ನಂಬರ್ ಬಂತು. ತಂಗಿ ಹತ್ತಿದಳು. ಜೊತೆಗೆ ಬೀಗದವನು. ಹತ್ತುವಾಗ ಅವಳು ಅವನ ಮೊಣಕೈ ಹಿಡಿದುಕೊಂಡಿದ್ದಳು. ಹಗಲು ಹೊತ್ತಿನಲ್ಲಿ! ಊರೆಲ್ಲ ನೋಡುವ ಹಾಗೆ!

ಹನ್ನೆರಡನೇ ನಂಬರಿನ ದಾರಿ ನನಗೆ ನಿದ್ದೆಯಲ್ಲೂ ಗೊತ್ತು. ಮಾರುಕಟ್ಟೆ, ಕೋರ್ಟು, ದೊಡ್ಡಾಸ್ಪತ್ರೆ, ಡಿಪೋ. ಮಧ್ಯಾಹ್ನ ಒಂದೂವರೆಗೆ ಬರಿಗೈಲಿ ಬಂದಳು, ಹಾಗಾಗಿ ಮಾರುಕಟ್ಟೆ ಅಲ್ಲ. ಡಿಪೋದಲ್ಲಿ ಬಸ್ಸು ಬಿಟ್ಟರೆ ಏನೂ ಇಲ್ಲ. ಇಬ್ಬರೂ ಗುಂಡುಕಲ್ಲಿನ ಹಾಗಿದ್ದಾರೆ, ಆಸ್ಪತ್ರೆ ಯಾಕೆ? ಉಳಿದದ್ದು ಕೋರ್ಟು. ಕೋರ್ಟಿನ ಪಕ್ಕ ರಿಜಿಸ್ಟರ್ ಮದುವೆ ಮಾಡಿಸುವ ಕಚೇರಿ.

ಲೆಕ್ಕ ಸರಿಹೋಯಿತು. ಮೊದಲು ತಂಗಿ, ಆಮೇಲೆ ಹಿತ್ತಲು, ಆಮೇಲೆ ನನ್ನ ಟೊಮೇಟೊ ಬೀಜ.

ಆಗಸ್ಟ್ 9, ಶನಿವಾರ

ನೇರವಾಗಿ ಕೇಳಿದೆ. "ಮದುವೆ ಮಾಡ್ಕೋತಿದ್ದೀಯಾ?"

ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. "ಯಾರನ್ನ?"

"ಬೀಗದವನನ್ನ."

ನಕ್ಕಳು. ಹಿಟ್ಟಿನ ಮೇಲೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ತೋಳಿನಿಂದ ಒರೆಸಿಕೊಂಡು ಮತ್ತೆ ನಾದತೊಡಗಿದಳು. "ಇಲ್ಲ ಅಕ್ಕ. ಈ ವಯಸ್ಸಲ್ಲಿ ನನ್ನನ್ನ ಕಟ್ಕೊಂಡು ಅವರೇನು ಮಾಡ್ತಾರೆ ಪಾಪ."

'ಅವರು', 'ಪಾಪ'. ಇದೂ ಬರೆದಿಟ್ಟಿದ್ದೇನೆ.

ಆಗಸ್ಟ್ 14, ಗುರುವಾರ

ಸಿಕ್ಕಿತು. ಸಾಕ್ಷಿ ಸಿಕ್ಕಿತು.

ಕಂಡದ್ದು: ಸಂಜೆ ಐದಕ್ಕೆ ಅಡುಗೆಮನೆ ಗುಡಿಸುವಾಗ ಓವನ್ನಿನ ಕೆಳಗೆ ಮಿಣಮಿಣ ಹೊಳೆಯುವ ಲೋಹದ ಪುಡಿ. ಬೆರಳಿಗೆ ಹಚ್ಚಿ ನೋಡಿದೆ, ಅರ ಹಾಕಿ ಉಜ್ಜಿದಾಗ ಬೀಳುವ ಪುಡಿ. ಓವನ್ನನ್ನೆಲ್ಲ ಪರೀಕ್ಷಿಸಿದೆ. ಶಾಖ ಹೆಚ್ಚು ಕಡಿಮೆ ಮಾಡುವ ಸ್ಟೀಲಿನ ಗುಂಡಿಯ ಅಂಚಿನಲ್ಲಿ ಹೊಸದಾಗಿ ಕೊರೆದ ಗೆರೆಗಳು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಕೆಳಗೆ ಮೂರು ಒಟ್ಟಿಗೆ. ಅಳತೆ ಲೋಟಗಳ ಹಿಡಿಯ ಮೇಲೂ ಗೆರೆ.

ಗುಂಡಿಯನ್ನು ಏನೋ ಮಾಡಿದ್ದಾನೆ. ಶಾಖ ತಪ್ಪಿ ಕೇಕು ಸುಡಲಿ ಅಂತ. ಅವನೂ 'ತೋಟದಿಂದ ಓವನ್ನಿಗೆ' ವಿಭಾಗಕ್ಕೆ ಹೆಸರು ಕೊಟ್ಟಿದ್ದರೆ? ತಂಗಿಯ ಸಲುಗೆ ಬಳಸಿಕೊಂಡು, ನಾನಿಲ್ಲದ ಹೊತ್ತು ನೋಡಿ ಬಂದಿದ್ದಾನೆ. ಆ ಬೆಪ್ಪಿ ಬಾಗಿಲು ತೆಗೆದು ಟೀ ಕೊಟ್ಟು ಕೂರಿಸಿರುತ್ತಾಳೆ.

ಅವಳಿಗೆ ಹೇಳುವುದಿಲ್ಲ. ಹೇಳಿದರೆ ಅವನ ಕಿವಿಗೆ ಹೋಗುತ್ತದೆ.

ಆಗಸ್ಟ್ 16, ಶನಿವಾರ

ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯ ಹೊಸ ಗುಂಡಿ ತಂದು, ತಂಗಿ ಸ್ನಾನಕ್ಕೆ ಹೋದಾಗ ಹಾಕಿಬಿಟ್ಟೆ. ಹಳೆಯದು ಸಾಕ್ಷಿಗೆಂದು ನನ್ನ ಕೈಚೀಲದಲ್ಲಿದೆ.

ಎರಡು ಗಂಟೆಗೆ ಕುಂಬಳಕಾಯಿ ತುರಿದು ಕೊಟ್ಟೆ. ಆರೂವರೆ ಕಿಲೋ ತೂಗಿದ ಕಾಯಿ, ಒಳಗೆ ಅರಿಶಿನದ ಬಣ್ಣ. ಅವಳು ಹಿಟ್ಟು ಕಲಸಿ, ಓವನ್ ಹತ್ತಿರ ಹೋದಳು. ಗುಂಡಿ ಮೇಲೆ ಕೈ ಇಟ್ಟವಳು ಹಾಗೇ ನಿಂತಳು. ಹೆಬ್ಬೆರಳಿಂದ ಸುತ್ತಲೂ ಸವರಿದಳು, ಒಂದು ಸಲ, ಎರಡು ಸಲ.

"ಅಕ್ಕ, ಗುಂಡಿ ಬದಲಾಯಿಸಿದ್ಯಾ?"

"ಹೂಂ. ಹಳೇದು ಕೆಟ್ಟಿತ್ತು. ಏನೀಗ?"

ಗುಂಡಿಯಿಂದ ಕೈ ತೆಗೆದಳು. "ಏನಿಲ್ಲ. ಒಳ್ಳೇದಾಯ್ತು."

ನನ್ನನ್ನು ಹೊರಗೆ ಹೋಗು ಅಂದಳು. ಯಾವಾಗಲೂ ಹಾಗೇ, ಯಾರಾದರೂ ನಿಂತು ನೋಡಿದರೆ ಕೇಕು ಉಬ್ಬುವುದಿಲ್ಲವಂತೆ. ಮೂರೂವರೆಗೆ ಸೀದ ವಾಸನೆ. ಏನೋ ಬಿದ್ದ ಸದ್ದು. ಓಡಿಹೋದರೆ ತಟ್ಟೆ ಕಟ್ಟೆಯ ಮೇಲಿದೆ, ಕೇಕಿನ ಒಂದು ಪಕ್ಕ ಕಪ್ಪಾಗಿದೆ. ಅವಳು ಎಡಗೈ ಮಣಿಕಟ್ಟನ್ನು ನಲ್ಲಿ ನೀರಿನ ಕೆಳಗೆ ಹಿಡಿದುಕೊಂಡಿದ್ದಾಳೆ. ಉದ್ದಕ್ಕೆ ಕೆಂಪು ಬರೆ.

"ಇನ್ನೊಂದು ಮಾಡೋಣ" ಅಂದೆ.

"ಬೇಡ. ಇದೇ ಹೋಗ್ಲಿ."

ನಲವತ್ತು ವರ್ಷದಲ್ಲಿ ಅವಳ ಕೇಕು ಸೀದದ್ದು ನಾನು ನೋಡಿಲ್ಲ. ಗುಂಡಿ ಬದಲಾಯಿಸಿದರೂ ಹೀಗಾಯಿತು ಅಂದರೆ ಅವನು ಒಳಗೂ ಏನೋ ಮಾಡಿಟ್ಟಿದ್ದಾನೆ. ನನ್ನ ತಂಗಿಯ ಕೈ ಸುಟ್ಟಿದ್ದಾನೆ. ದೂರು ಬರೆದಾಯಿತು. ಎರಡು ಪುಟ, ದಿನಾಂಕ ಹೊತ್ತುಗಳ ಸಮೇತ.

ಆಗಸ್ಟ್ 17, ಭಾನುವಾರ

ಹೇಗೆ ಬರೆಯಲಿ? ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂಬತ್ತಕ್ಕೆ ಸಭಾಂಗಣ ತುಂಬಿತ್ತು. ಉದ್ದದ ಮೇಜುಗಳು, ಮೇಲೆ ಬಿಳಿ ಕಾಗದ, ಕಾಗದದ ಮೇಲೆ ತಟ್ಟೆಗಳು. ಈರುಳ್ಳಿ ಒಂದು ಕಡೆ, ಬೀನ್ಸು ಒಂದು ಕಡೆ, ಟೊಮೇಟೊ ತಟ್ಟೆಗೆ ಐದೈದು. ನನ್ನ ತಟ್ಟೆಯ ಪಕ್ಕದಲ್ಲೇ ಬೀಗದವನ ತಟ್ಟೆ. ಅವನು ಹತ್ತಿ ಬಟ್ಟೆಯಿಂದ ಒಂದೊಂದೇ ಒರೆಸಿ ಇಡುತ್ತಿದ್ದ. ಕೇಕಿನ ಮೇಜಿನಲ್ಲಿ ಅವನದು ಏನೂ ಇರಲಿಲ್ಲ. ಅದನ್ನು ನೋಡಿದೆ. ನೋಡಿಯೂ ನಿಲ್ಲಲಿಲ್ಲ.

ತಕರಾರು ಇದ್ದವರು ಹತ್ತರೊಳಗೆ ಹೇಳಬೇಕು ಅಂತ ನಿಯಮ. ಡ್ರಾಯಿಂಗ್ ಮೇಷ್ಟ್ರ ಕೈಗೆ ಕಾಗದ ಕೊಟ್ಟೆ. ಓದಿದ ಅವರ ಮುಖ ಇಳಿಯಿತು. "ಅಮ್ಮಾ, ಇದನ್ನ ಒಳಗಡೆ ಕೂತು ಮಾತಾಡೋಣ."

"ಬೇಡ ಮೇಷ್ಟ್ರೇ. ಎಲ್ಲರೂ ಕೇಳಲಿ. ಮುಚ್ಚಿಡೋಕೆ ನಾನೇನು ಕಳ್ಳಿಯಾ?"

ಅವರು ಓದಿದರು. ಬೀಗದವನು ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ನುಗ್ಗಿದ್ದು, ಟೊಮೇಟೊ ಕಿತ್ತದ್ದು, ಓವನ್ ಹಾಳು ಮಾಡಿದ್ದು, ನನ್ನ ತಂಗಿಯ ಕೈ ಸುಟ್ಟದ್ದು. ನಾನು ಗುಂಡಿ ತೆಗೆದು ಮೇಜಿನ ಮೇಲಿಟ್ಟೆ. "ಇದು ಸಾಕ್ಷಿ. ನೋಡಿ, ಅರ ಹಾಕಿದ ಗೆರೆ."

ಬೀಗದವನು ನನ್ನನ್ನು ನೋಡಲಿಲ್ಲ. ತಂಗಿಯನ್ನು ನೋಡಿದ, ಅಪ್ಪಣೆ ಕೇಳುವ ಹಾಗೆ. ಅವಳಿಂದ ಏನೂ ಬರಲಿಲ್ಲ. ಆಮೇಲೆ ಹೇಳಿದ, "ಅವರ ಮನೆಗೆ ಹೋಗಿದ್ದು ನಿಜ. ಗೆರೆ ಹಾಕಿದ್ದೂ ನಾನೇ. ಇದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ."

ಜನ ಗುಸುಗುಸು ಅಂದರು. ನನಗೆ ಎದೆ ಹಗುರಾಯಿತು. ಅದನ್ನೂ ಬರೆಯಬೇಕು, ಹಗುರಾಯಿತು.

ಆಗ ತಂಗಿ, "ಅಕ್ಕ, ಆ ಗುಂಡಿ ಕೊಡು ಇಲ್ಲಿ" ಅಂತ ಕೈ ಚಾಚಿದಳು. ಕೈ ನನ್ನ ಕಡೆ ಚಾಚಲಿಲ್ಲ. ನನಗಿಂತ ಒಂದು ಮಾರು ಆಚೆ, ಹೂದಾನಿಯ ಕಡೆ ಚಾಚಿದಳು. ಅಲ್ಲಿ ಯಾರೂ ಇರಲಿಲ್ಲ.

ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟೆ. ಹೆಬ್ಬೆರಳಿಂದ ಸವರಿದಳು.

"ಒಂದು ಗೆರೆ ಬ್ರೆಡ್ಡಿಗೆ. ಎರಡು ಗೆರೆ ಕೇಕಿಗೆ. ಮೂರು ಗೆರೆ ಬಂದ್ರೆ ಓವನ್ ಆರಿದೆ ಅಂತ. ನಾನೇ ಹೇಳಿ ಹಾಕಿಸಿಕೊಂಡಿದ್ದು ಮೇಷ್ಟ್ರೇ. ನನಗೆ ಕಣ್ಣಿನ ನಡುವಲ್ಲಿ ಏನೂ ಕಾಣಲ್ಲ. ಒಂದು ವರ್ಷದ ಮೇಲಾಯ್ತು. ಅಂಚಲ್ಲಿ ಒಂಚೂರು ಕಾಣುತ್ತೆ, ಅಷ್ಟೇ. ನೀವು ಇಲ್ಲಿ ನಿಂತಿದ್ದೀರಿ ಅಂತ ದನಿಯಿಂದ ಗೊತ್ತಾಯ್ತು. ಟೊಮೇಟೊ ಕಿತ್ತಿದ್ದು ನಾನು, ದಾರ ಕಾಣಲಿಲ್ಲ. ಕೇಕು ಮಾಡಿದ್ದೂ ನಾನೊಬ್ಬಳೇ. ಗೆರೆ ಹಾಕಿಸಿಕೊಂಡಿದ್ದು ನಿಯಮಕ್ಕೆ ತಪ್ಪಾದ್ರೆ ನನ್ನ ಕೇಕು ತೆಗೆದುಬಿಡಿ. ಅವರನ್ನ ಯಾರೂ ಏನೂ ಅನ್ನಬೇಡಿ."

ಅಷ್ಟೂ ಜನ ಅವಳ ಮುಖ ನೋಡುತ್ತಿದ್ದರು. ಮುಚ್ಚಿಡಲು ಅವಳು ಒಂದು ವರ್ಷ ಪಟ್ಟ ಪಾಡನ್ನು ನಾನು ಎರಡು ಪುಟದಲ್ಲಿ ಬಯಲಿಗೆಳೆದಿದ್ದೆ, ಅದೂ ಗಟ್ಟಿಯಾಗಿ ಓದಿಸಿ.

ಬೀಗದವರು ತಮ್ಮ ಐದು ಟೊಮೇಟೊಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಮೇಷ್ಟ್ರು ತೋಳು ಹಿಡಿದು ತಡೆದರು. "ಇರಲಿ ಬಿಡಿ" ಅಂತ ಹೊರಟುಹೋದರು.

ಕೇಕು ಮೇಜಿನ ಮೇಲೇ ಉಳಿಯಿತು. ನಿಯಮದಲ್ಲಿ ಗೆರೆಯ ಮಾತಿಲ್ಲ ಅಂದರು ಮೇಷ್ಟ್ರು. ಬಹುಮಾನ ಬರಲಿಲ್ಲ. ಅವಳ ಬ್ರೆಡ್ಡಿಗೆ ಎರಡನೆಯದು ಬಂತು. ಟೊಮೇಟೊಗೆ ಮೊದಲ ಬಹುಮಾನ ನನಗೆ. ಕೆಂಪು ಚೀಟಿ ನನ್ನ ತಟ್ಟೆಯ ಮುಂದಿಟ್ಟರು. ಪಕ್ಕದಲ್ಲಿ ಖಾಲಿ ಬಿಳಿ ಕಾಗದ.

ಮನೆಗೆ ಬರುವಾಗ ತಂಗಿ ಬೀದಿಯ ಗೋಡೆಗಳನ್ನು ಬೆರಳ ತುದಿಯಲ್ಲಿ ಸವರುತ್ತ ಮುಂದೆ ನಡೆದಳು. ಯಾವಾಗಲೂ ಹಾಗೇ ನಡೆಯುತ್ತಿದ್ದಳಾ? ನೆನಪಾಗಲಿಲ್ಲ. ಕೈ ಹಿಡಿಯಲಾ ಅಂತ ಕೇಳದೆ ಎರಡು ಹೆಜ್ಜೆ ಹಿಂದೆ ನಡೆದೆ.

ಆಗಸ್ಟ್ 18, ಸೋಮವಾರ

ಹಳೆಯ ಗುಂಡಿ ಮತ್ತೆ ಹಾಕಿದೆ. ಬೇರೇನೂ ಮಾಡಲಿಲ್ಲ.

ಆಗಸ್ಟ್ 19, ಮಂಗಳವಾರ

ಇವತ್ತು ಮಾತಾಡಿದಳು. ಬೀನ್ಸು ಬಿಡಿಸುತ್ತ ಕೂತಿದ್ದೆವು. ಅವಳ ಬೆರಳು ನನ್ನದಕ್ಕಿಂತ ಬೇಗ ಓಡುತ್ತಿತ್ತು.

"ಒಂದಿನ ಸಂಜೆ ಯಾರದೋ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುಗಿಸ್ತಾ ನಿಂತಿದ್ದೆ. ನೋಡಿದ್ರೆ ಅವರ ಮನೆ. ಅವರು ಒಳಗಿಂದ ಬಾಗಿಲು ತೆಗೆದು ಒಂದೇ ಮಾತು ಕೇಳಿದ್ರು, 'ಎಷ್ಟು ದಿನದಿಂದ?' ಅಂತ. ಅವರಮ್ಮನಿಗೂ ಹೀಗೇ ಆಗಿತ್ತಂತೆ. ಆವತ್ತೇ ನನ್ನ ಕೀಲಿಗೆ ಗೆರೆ ಹಾಕಿಕೊಟ್ರು. ಆಮೇಲೆ ಓವನ್ ನೋಡೋಕೆ ಬಂದ್ರು. ಮೊದಲು ಗುಂಡಿಗೆ ಗುರುತಿಗೆ ಅಂತ ಅಂಟಿನ ಚುಕ್ಕಿ ಇಟ್ರು, ಬಿಸಿಗೆ ಕರಗಿಹೋಯ್ತು. ಅದಕ್ಕೆ ಅರ ಹಾಕಿದ್ದು. ಆಸ್ಪತ್ರೆಗೆ ಒಬ್ಬಳೇ ಹೋಗೋಕಾಗಲ್ಲ ಅಂದಾಗ ಅಂಗಡಿ ಮುಚ್ಚಿ ಬರ್ತಿದ್ರು."

"ನನಗ್ಯಾಕೆ ಹೇಳಲಿಲ್ಲ ಪುಟ್ಟಿ?"

"ಹೇಳಿದ್ರೆ ಏನ್ಮಾಡ್ತಿದ್ದೆ?"

ಉತ್ತರ ನನಗೆ ಗೊತ್ತಿತ್ತು. ಅವಳೇ ಹೇಳಿದಳು.

"ಆವತ್ತೇ ನನ್ನ ಕೈಯಿಂದ ಚಾಕು ಕಿತ್ಕೋತಿದ್ದೆ. ಒಲೆ ಹತ್ರ ಬರಬೇಡ, ಕೂತಿರು, ನಾನು ಮಾಡ್ತೀನಿ ಅಂತಿದ್ದೆ. ಪ್ರೀತಿಯಿಂದಾನೇ ಅಂತಿದ್ದೆ. ಹೊಲಿಗೆ ಹೋಯ್ತು ಅಕ್ಕ. ಪೇಪರ್ ಓದೋದು ಹೋಯ್ತು. ಮುಖಗಳು ಹೋದ್ವು. ಇದೊಂದು ಉಳಿದಿತ್ತು."

"ಗುಂಡಿ ಬದಲಾದಾಗ ಕೇಳಬಹುದಿತ್ತಲ್ಲೇ."

"ಕೇಳಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು. ವಾಸನೆ ಮೇಲೆ ಬೇಯಿಸ್ಬಿಡೋಣ ಅಂದ್ಕೊಂಡೆ."

ಅವಳ ಮಣಿಕಟ್ಟಿನ ಬರೆ ಈಗ ಕಂದು ಬಣ್ಣಕ್ಕೆ ತಿರುಗಿದೆ. ಮುಟ್ಟಿದೆ. ಕೈ ಎಳೆದುಕೊಳ್ಳಲಿಲ್ಲ.

ಆಗಸ್ಟ್ 21, ಗುರುವಾರ

ಬೀಗದವರ ಅಂಗಡಿಗೆ ಹೋಗಿದ್ದೆ. ಕೆಂಪು ಚೀಟಿ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. "ಇದು ನಿಮ್ಮದು" ಅಂದೆ.

ಹಳೇ ಬೀಗ ಒಂದನ್ನು ಬಿಚ್ಚಿ ಕೂತಿದ್ದರು. ತಲೆ ಎತ್ತಲಿಲ್ಲ. "ಅದನ್ನ ತಗೊಂಡು ನಾನೇನ್ ಮಾಡ್ಲಮ್ಮ? ನನ್ನ ಕಸುಬಿಗೆ ಬೇಕಾಗಿದ್ದು ನಂಬಿಕೆ ಒಂದೇ. ಕೀಲಿ ಕಳೆದುಕೊಂಡವರು ಮನೆ ಬಾಗಿಲು ತೆಗೀರಿ ಅಂತ ನನ್ನನ್ನ ಕರೀಬೇಕು. ಹಿತ್ತಲಿಂದ ನುಗ್ಗುವವನು ಅಂತ ಊರ ಮುಂದೆ ಓದಿಸಿದ್ರಿ. ತಪ್ಪು ಅಂತ ಗೊತ್ತಾದ್ರೂ ಮೊದಲನೇ ಮಾತೇ ಜನರಿಗೆ ನೆನಪಿರೋದು. ಸೋಮವಾರದಿಂದ ಒಬ್ಬರೂ ಕರೆದಿಲ್ಲ."

ಕ್ಷಮಿಸಿ ಅಂದೆ. ಅದು ಎಷ್ಟು ಸಣ್ಣ ಮಾತು ಅಂತ ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ. ಅವರದೇ ದೊಡ್ಡ ಹಾಳೆ, ಅವರದೇ ದಪ್ಪ ಕುಂಚ ಇಸಕೊಂಡು ಬರೆದೆ: 'ಬೀಗದವರ ಮೇಲೆ ನಾನು ಓದಿಸಿದ ದೂರು ಸಂಪೂರ್ಣ ಸುಳ್ಳು. ಅವರು ನಮ್ಮ ಮನೆಗೆ ಬಂದದ್ದು ಕರೆದದ್ದಕ್ಕೆ, ಮಾಡಿದ್ದು ಉಪಕಾರ.' ಕೆಳಗೆ ನನ್ನ ಸಹಿ. ಸಭಾಂಗಣದ ಬಾಗಿಲ ಪಕ್ಕದ ಫಲಕಕ್ಕೆ ನಾನೇ ಅಂಟಿಸಿದೆ. ಶಾಲೆ ಬಿಡುವ ಹೊತ್ತು, ಮಕ್ಕಳನ್ನು ಕರೆದೊಯ್ಯಲು ಬಂದವರೆಲ್ಲ ನಿಂತು ಓದಿದರು. ನಾನೂ ಪಕ್ಕದಲ್ಲೇ ನಿಂತೆ. ಕೇಳಿದವರಿಗೆಲ್ಲ, ಹೌದು, ನಾನೇ, ಅಂದೆ. ನಲವತ್ತು ಜನರಾದರೂ ಕೇಳಿರಬೇಕು.

ಮತ್ತೆ ಅಂಗಡಿಗೆ ಬಂದಾಗ ಇಬ್ಬರು ಗಿರಾಕಿಗಳಿದ್ದರು. ನಮ್ಮ ಮುಂಬಾಗಿಲ ಕೀಲಿ ಅವರ ಮುಂದೆಯೇ ಕೊಟ್ಟೆ. "ಇದಕ್ಕೊಂದು ನಕಲು ಮಾಡಿ. ಅದು ನಿಮ್ಮ ಹತ್ರಾನೇ ಇರಲಿ. ನಾನಿಲ್ಲದಾಗ ಅವಳಿಗೆ ಏನಾದ್ರೂ ಬೇಕಾದ್ರೆ ನೀವು ಬರಬೇಕು."

ಬಹಳ ಹೊತ್ತು ಕೀಲಿ ನೋಡಿದರು. ಆಮೇಲೆ ಮೆಷಿನ್ ಹಾಕಿದರು.

ಆಗಸ್ಟ್ 22, ಶುಕ್ರವಾರ

ದೊಡ್ಡಾಸ್ಪತ್ರೆ. ಈ ಸಲ ಬರೀ ತಪಾಸಣೆಗೆ, ತಂಗಿ ನನ್ನನ್ನು ಕರೆದಳು, ಹೋದೆ. ಹೋದ ದೃಷ್ಟಿ ಹೋಯಿತು, 'ಉಳಿದದ್ದನ್ನು ಉಳಿಸಲು ನೋಡೋಣ' ಅಂದರು ಡಾಕ್ಟರು. ತಿಂಗಳಿಗೊಂದು ಸೂಜಿ, ಕಣ್ಣಿಗೇ. ಅದನ್ನು ಅವಳು ಐದು ಸಲ ಚುಚ್ಚಿಸಿಕೊಂಡಿದ್ದಾಳೆ, 'ಗೆಳತಿ ಮನೆ'ಯಿಂದ ಬಂದು ನನಗೆ ಟೀ ಮಾಡಿಕೊಟ್ಟಿದ್ದಾಳೆ.

ಹೊರಗೆ ಕಾಯುವಾಗ ಗೋಡೆಯ ಮೇಲಿನ ಅಕ್ಷರದ ಹಲಗೆ ಓದಿದೆ. ಕನ್ನಡಕವಿಲ್ಲದೆ ಏಳನೇ ಸಾಲಿನವರೆಗೂ ಓದಿದೆ. ಓದಿ ಏನು ಬಂತು.

ಆಗಸ್ಟ್ 26, ಮಂಗಳವಾರ

ತಂಗಿ ಬ್ರೆಡ್ಡು ಮಾಡಿದಳು. ನಾನು ಹಿತ್ತಲಲ್ಲಿ ಕಳೆ ಕೀಳುತ್ತ ಕೂತೆ. ಕೀಳೋಕೆ ಕಳೆಯೇ ಇರಲಿಲ್ಲ. ಒಂದು ಸಲ ಪಾತ್ರೆ ಬಿದ್ದ ಸದ್ದಾಯಿತು. ಎದ್ದು ನಿಂತೆ. ಹತ್ತರವರೆಗೆ ಎಣಿಸಿ ಮತ್ತೆ ಕೂತೆ. ಗೋಡೆಯಾಚೆ ಬೀಗದವರು ಬಳ್ಳಿಗೆ ನೀರು ಬಿಡುತ್ತಿದ್ದವರು ನನ್ನನ್ನೇ ನೋಡುತ್ತಿದ್ದರು.

"ಕಷ್ಟ ಅಲ್ವಾ?" ಅಂದರು. ಆವತ್ತಿನ ನಂತರ ಅವರಾಗಿ ಆಡಿದ ಮೊದಲ ಮಾತು.

"ಪ್ರಾಣ ಹೋಗುತ್ತೆ" ಅಂದೆ.

ಬ್ರೆಡ್ಡು ಚೆನ್ನಾಗಿತ್ತು. ಗೋಡೆಯ ಮೇಲಿಂದ ಅವರಿಗೂ ಅರ್ಧ ಕೊಟ್ಟಳು.

ಆಗಸ್ಟ್ 30, ಶನಿವಾರ

ತೀರ್ಪುಗಾರರ ಅಂಕಪಟ್ಟಿ ಅಂಚೆಯಲ್ಲಿ ಬಂತು. 'ತೋಟದಿಂದ ಓವನ್ನಿಗೆ' ವಿಭಾಗದ್ದು. ತಂಗಿ ಕೈ ಒರೆಸಿಕೊಂಡು ಬಂದು ಕೂತಳು. "ಓದು ಅಕ್ಕ."

ರುಚಿ, ಹತ್ತಕ್ಕೆ ಹತ್ತು. ಓದಿದೆ. ಹದ, ಹತ್ತಕ್ಕೆ ಒಂಬತ್ತು. ಓದಿದೆ. ಮುಂದಿನ ಸಾಲಿನಲ್ಲಿ ನಿಂತೆ. ನೋಟ, ಹತ್ತಕ್ಕೆ ನಾಲ್ಕು.

ಎಂಟು ಅಂತ ಓದಬಹುದಿತ್ತು. ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆ ನಾಲ್ಕು ಅವಳದಲ್ಲ, ಗುಂಡಿ ಬದಲಾಯಿಸಿದವಳದು. ಇನ್ನು ಮೇಲೆ ಬರುವ ಕಾಗದ, ಔಷಧಿ ಚೀಟಿ, ಪೇಪರು, ಎಲ್ಲವೂ ಅವಳಿಗೆ ನನ್ನ ಬಾಯಿಂದಲೇ. ಓದಿದ್ದನ್ನು ನಂಬುವುದು ಬಿಟ್ಟು ಅವಳಿಗೆ ಬೇರೆ ದಾರಿಯಿಲ್ಲ.

"ಯಾಕೆ ನಿಲ್ಲಿಸಿದೆ?"

"ನೋಟಕ್ಕೆ ನಾಲ್ಕು" ಅಂದೆ.

"ನಾಲ್ಕಾ?"

"ನಾಲ್ಕು. ಒಂದು ಪಕ್ಕ ಸೀದಿತ್ತಲ್ಲ. ಅದು ನನ್ನ..."

"ಯಾರೇ ಅವರು ಅಂಕ ಹಾಕಿದ್ದು?" ತಂಗಿ ಮೇಜು ಕುಟ್ಟಿದಳು. "ಇನ್ನೊಂದು ಪಕ್ಕ ಅಷ್ಟು ಚೆನ್ನಾಗಿತ್ತಲ್ಲ, ಕಣ್ಣು ಕಾಣಿಸಲ್ವಂತಾ ಅವರಿಗೆ?"

ಮೊದಲು ನಕ್ಕಿದ್ದು ಅವಳು. ಆಮೇಲೆ ನಾನು. ಮೇಜಿನ ಮೇಲಿನ ಲೋಟ ಅಲುಗಾಡುವಷ್ಟು ನಕ್ಕೆವು. ನನ್ನ ಕಣ್ಣಲ್ಲಿ ನೀರು ತುಂಬಿ ಕಾಗದದ ಅಕ್ಷರಗಳೆಲ್ಲ ಕಲಸಿಹೋದವು.

"ಮುಂದೆ ಓದು" ಅಂದಳು.

"ತಾಳು, ಕಣ್ಣು ಒರೆಸ್ಕೋತೀನಿ" ಅಂದೆ. ಒರೆಸಿಕೊಂಡು, ಮುಂದೆ ಓದಿದೆ.